ಒಬ್ಬನೇ ಸಾಕ್ಷಿ, ನಾಲ್ಕು ಅಂಗಿ

ಕಾಲೇಜಿನವರು ಅಕ್ಕನ ನೆನಪಿಗೆ ಒಂದು ಸಂಚಿಕೆ ತರುತ್ತಾರಂತೆ. ನನಗೂ ಒಂದು ಪುಟ ಬರೆಯಲು ಹೇಳಿದ್ದಾರೆ. ಫೋನ್ ಮಾಡಿದ ಉಪಪ್ರಾಂಶುಪಾಲರು ಮತ್ತೆ ಮತ್ತೆ ಒತ್ತಿ ಹೇಳಿದ್ದು ಒಂದೇ ಮಾತು. ವಿವಾದದ ವಿಷಯ ಬೇಡ, ಅವರ ಶಿಸ್ತು, ಸರಳತೆ, ವಿದ್ಯಾರ್ಥಿಗಳ ಮೇಲಿನ ಪ್ರೀತಿ, ಇವಿಷ್ಟೇ ಇರಲಿ. ಸರಳತೆ ಎಂಬ ಪದ ಕೇಳಿ ನನಗೆ ಮೈ ಉರಿಯಿತು. ಅಕ್ಕ ಸರಳವಾಗಿರಲಿಲ್ಲ. ಅವರಷ್ಟು ತೊಡಕಿನ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಆ ಸಿಟ್ಟಿಗೆ ಹೆದರಿಯೇ ಇವರೆಲ್ಲ ಅವರನ್ನು ಹೊರಗೆ ಹಾಕಿದ್ದು. ಈಗ ಹೂವಿನ ಹಾರ ಹಾಕಿ ಸರಳ ಮಾಡಲು ಹೊರಟಿದ್ದಾರೆ. ಆ ಪುಟವನ್ನು ಅವರೇ ಬರೆದುಕೊಳ್ಳಲಿ. ನಾನು ಬರೆಯುತ್ತಿರುವುದು ಅದಲ್ಲ.

ಭಾರತೀನಗರದ ಹತ್ತಿರದ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ವಿಭಾಗದ ಲ್ಯಾಬಿನ ಮುಖ್ಯಸ್ಥೆ. ನಾನು ಅದೇ ವಿಭಾಗದಲ್ಲಿ ಪಾಠ ಹೇಳುವವಳು, ಒಡಹುಟ್ಟಿದವಳಲ್ಲದಿದ್ದರೂ ಅಕ್ಕ ಎಂದೇ ಕರೆಯುತ್ತಿದ್ದೆ. ಮದ್ದೂರಿನಲ್ಲಿ ನಾನು ಬಸ್ಸು ಹತ್ತುವಾಗ ಅವರು ಮಂಡ್ಯದ ಬಸ್ಸಿನಿಂದ ಇಳಿದು ಬರುತ್ತಿದ್ದರು. ಸೀಟು ಸಿಕ್ಕರೆ ಜೊತೆಯಲ್ಲಿ ಕೂರುತ್ತಿದ್ದೆವು. ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳುವಾಗ ಅವರು ಕಣ್ಣು ಮುಚ್ಚಿ ಕೂತು ಎಂಜಿನ್ನಿನ ಸದ್ದು ಕೇಳುತ್ತಿದ್ದರು. "ಇದ್ರ ಕ್ಲಚ್ಚು ಇನ್ನು ಬಾಳಾಕಿಲ್ಲ" ಎಂದು ಡ್ರೈವರಿಗೆ ಕೇಳುವಂತೆಯೇ ಹೇಳಿ ಅವನಿಂದ ಬೈಸಿಕೊಂಡದ್ದೂ ಉಂಟು.

ಆ ಕಿವಿ ಅವರಿಗೆ ಬಂದದ್ದು ಹುಟ್ಟಿದ ಊರಿನಿಂದ. ಅವರ ತಂದೆ ಶಿವನಸಮುದ್ರದ ವಿದ್ಯುತ್ ಕೇಂದ್ರದ ನೌಕರ. ಕೇಂದ್ರದ ಪಕ್ಕದ ಬ್ಲಫ್ ಎಂಬ ಊರಿನ ಕ್ವಾರ್ಟರ್ಸಿನಲ್ಲಿ ಅಕ್ಕ ಬೆಳೆದದ್ದು. ಕೇಂದ್ರದ ಸದ್ದು ಒಂಚೂರು ಬದಲಾದರೂ ಅಪ್ಪ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದರಂತೆ. ಊರಿನ ಹೆಸರು ಹೇಳಿದರೆ ಹೊಸ ವಿದ್ಯಾರ್ಥಿಗಳು ಕಿಸಕ್ಕನೆ ನಗುತ್ತಿದ್ದರು, ಇಂಗ್ಲಿಷಿನಲ್ಲಿ ಆ ಪದಕ್ಕೆ ಬುರುಡೆ ಎಂಬ ಅರ್ಥವೂ ಇದೆಯಲ್ಲ. ಅಕ್ಕ ನಗುತ್ತಿರಲಿಲ್ಲ. ಊರಿಗೆ ಆ ಹೆಸರು, ನನಗಲ್ಲ ಎಂದು ಪಾಠ ಶುರು ಮಾಡುತ್ತಿದ್ದರು.

"ಹೇಗೋ" ಎಂಬ ಮಾತನ್ನು ಅವರು ಸಹಿಸುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಲ್ಯಾಬಿನ ಒಂದು ಯಂತ್ರದ ಬಗ್ಗೆ ಹೇಗೋ ಓಡ್ತಿದೆ ಬಿಡಿ ಅಂದೆ. ಅಷ್ಟು ಜನರ ಮುಂದೆ ನನ್ನ ಕಡೆ ತಿರುಗಿ, "ಎಂಗೋ ಓಡ್ತಿರದು ಎಂಗೋ ನಿಂತೂ ಓಯ್ತದೆ ಕಣಮ್ಮ. ಎಂಗೆ ಓಡ್ತದೆ ಅಂತ ನೋಡ್ಕೊಂಡು ಬಂದು ಯೋಳು" ಅಂದರು. ನಾನು ಅವಮಾನದಿಂದ ಕೆಂಪಾದೆ. ನೋಡಿಕೊಂಡು ಬಂದು ಹೇಳಿದೆ. ತಲೆಯಾಡಿಸಿ, ತಮ್ಮ ಡಬ್ಬಿಯಿಂದ ಒಂದು ರಾಗಿ ರೊಟ್ಟಿ ಮುರಿದು ನನ್ನ ಕೈಗಿಟ್ಟರು. ಅವರ ಕ್ಷಮೆ, ಮೆಚ್ಚುಗೆ ಎಲ್ಲ ಆ ರೊಟ್ಟಿಯೇ.

ಬ್ಲಾಕ್‌ಚೈನ್ ಎಂಬ ಹೊಸ ವಿಷಯ ಪಠ್ಯಕ್ಕೆ ಬಂದಾಗ ಬೇರೆ ಯಾರೂ ಅದನ್ನು ತೆಗೆದುಕೊಳ್ಳಲು ಮುಂದೆ ಬರಲಿಲ್ಲ. ಅಕ್ಕ ತೆಗೆದುಕೊಂಡರು. ಒಂದೇ ಲೆಕ್ಕವನ್ನು ಹಲವು ಜನ, ಹಲವು ಊರಲ್ಲಿ, ತಮ್ಮ ತಮ್ಮ ಯಂತ್ರದಲ್ಲಿ ಇಟ್ಟುಕೊಳ್ಳುವುದು. ಒಬ್ಬ ತನ್ನಲ್ಲಿ ತಿದ್ದಿದರೆ ಉಳಿದವರ ಯಂತ್ರಗಳು ಒಪ್ಪುವುದಿಲ್ಲ. ಹಾಗೆ ಲೆಕ್ಕ ಇಟ್ಟುಕೊಂಡ ಒಂದೊಂದು ಯಂತ್ರಕ್ಕೂ ನೋಡ್ ಎಂದು ಹೆಸರು. ಅದನ್ನು ಎಬ್ಬಿಸುವುದೇ ಮೊದಲ ಪಾಠ. "ಮೇಡಂ, ನೋಡ್ ಸ್ಟಾರ್ಟ್ ಆಗ್ತಿಲ್ಲ" ಎಂದು ಯಾರಾದರೂ ಬಂದರೆ, "ಅದ್ರ ಎಸ್ರೇ ನೋಡು ಅಂತ. ನೋಡ್ದ್ಯಾ?" ಎಂದು ಕೇಳುತ್ತಿದ್ದರು. ತೆರೆಯ ಮೇಲಿನ ತಪ್ಪಿನ ಸಾಲನ್ನು ಗಟ್ಟಿಯಾಗಿ ಓದಿಸಿ, ಅರ್ಥವನ್ನು ಕನ್ನಡದಲ್ಲಿ ಹೇಳಿಸುತ್ತಿದ್ದರು. ಅದು ಹೇಳ್ತಾನೇ ಇದೆ, ನೀವು ಕೇಳಿಸಿಕೊಳ್ಳುತ್ತಿಲ್ಲ ಎಂಬುದು ಅವರ ದಿನದ ಬೈಗುಳ.

ಒಬ್ಬ ಹುಡುಗ ನೋಡ್ ಯಾರ ಜೊತೆ ಸೇರಬೇಕೆಂದು ಬರೆದಿಡುವ ಕಾನ್ಫಿಗ್ ಫೈಲನ್ನು ಇಂಟರ್‌ನೆಟ್ಟಿನಿಂದ ಹಾಗೆಯೇ ಇಳಿಸಿಕೊಂಡು ನೋಡ್ ಎಬ್ಬಿಸಿಬಿಟ್ಟ. ಎಲ್ಲರಿಗಿಂತ ಮೊದಲು ಎಬ್ಬಿಸಿದೆ ಎಂದು ಹಿಗ್ಗಿದ. ಅಕ್ಕ ಬಗ್ಗಿ ನೋಡಿದರು. ಅವನ ನೋಡ್ ಲ್ಯಾಬಿನ ಗೆಳೆಯರ ಜೊತೆ ಸೇರುವ ಬದಲು ಯಾವುದೋ ದೇಶದ ಅಪರಿಚಿತರ ಜಾಲಕ್ಕೆ ಸೇರಿಕೊಂಡಿತ್ತು. "ಯಾರ ಮನೆ ಜಗ್ಲಿ ಮ್ಯಾಲೆ ಕುಂತಿದ್ದೀಯ ಅಂತಾದ್ರೂ ಗೊತ್ತೇನ್ಲಾ ನಿಂಗೆ?" ಅಂದರು. ಇಡೀ ತರಗತಿ ನಕ್ಕಿತು. ಅವರು ನಗುತ್ತಿದ್ದವರನ್ನೂ ಬೈದರು.

ಕಂಟೇನರ್ ಅಂದರೆ ಏನು ಎಂದು ಅವರಿಂದ ಕೇಳಬೇಕು. ಬುತ್ತಿಯ ಡಬ್ಬಿ ಇದ್ದಂತೆ ಅನ್ನುತ್ತಿದ್ದರು. ನೋಡ್ ಓಡಲು ಬೇಕಾದ ಸಾಮಾನೆಲ್ಲ ಒಳಗೇ ತುಂಬಿರುತ್ತದೆ, ಮಳವಳ್ಳಿಯಲ್ಲಿ ಬಿಚ್ಚಿದರೂ ಮಂಡ್ಯದಲ್ಲಿ ಬಿಚ್ಚಿದರೂ ಊಟ ಒಂದೇ. ಆದರೆ ಬರೆದ ಲೆಕ್ಕವನ್ನು ಡಬ್ಬಿಯೊಳಗೆ ಬಿಡಬಾರದು, ಹೊರಗೆ ಬೇರೆ ಜಾಗ ಮಾಡಿ ಅಲ್ಲಿಡಬೇಕು. ಒಬ್ಬ ಹುಡುಗಿ ಇದನ್ನು ಮರೆತು, ಹಳೆಯ ಕಂಟೇನರನ್ನು ಅಳಿಸಿ, ತನ್ನ ಕೆಲಸವನ್ನೆಲ್ಲ ಕಳೆದುಕೊಂಡು ಅಳುತ್ತ ಕೂತಿದ್ದಳು. ಅಕ್ಕ ಅವಳನ್ನು ಅಳಲು ಬಿಟ್ಟು, ಆಮೇಲೆ ಸಂಜೆಯವರೆಗೂ ಪಕ್ಕದಲ್ಲಿ ಕೂತು ಎಲ್ಲವನ್ನೂ ಮತ್ತೆ ಕಟ್ಟಿಸಿದರು. ಮಂಡ್ಯದ ಕೊನೆಯ ನೇರ ಬಸ್ಸು ತಪ್ಪಿಸಿಕೊಂಡರು.

ಇಂಥವರ ಕೈಗೆ ಬಂತು ಬೆಲ್ಲದ ಯೋಜನೆ.

ನಮ್ಮ ಸುತ್ತಿನ ಆಲೆಮನೆಗಳಲ್ಲಿ ಕೆಲವರು ಬೆಲ್ಲ ಬೆಳ್ಳಗೆ ಕಾಣಲಿ ಎಂದು ಔಷಧಿ ಹಾಕುತ್ತಾರೆ. ಚಿಕ್ಕರಸಿನಕೆರೆಯ ಕೆಲವು ಹೆಂಗಸರು ಔಷಧಿ ಹಾಕದೆ ಕಂದುಬಣ್ಣದ ಬೆಲ್ಲ ಮಾಡಿ ಮಾರಲು ಒಂದು ಸಂಘ ಕಟ್ಟಿಕೊಂಡಿದ್ದರು. ಜಯಮ್ಮ ಅದರ ಅಧ್ಯಕ್ಷೆ. ಗಂಡನ ಜೊತೆ ಸ್ವಂತ ಆಲೆಮನೆ ನಡೆಸುವವರು, ಕೊಪ್ಪರಿಗೆಯ ಹಬೆಗೆ ಕೈಯೆಲ್ಲ ಕಂದಿದವರು. ಹಿಂದಿನ ವರ್ಷ ಅವರ ಬೆಲ್ಲದಲ್ಲಿ ಔಷಧಿ ಇದೆ ಎಂದು ಕೊಂಡವರು ಲಾರಿಯನ್ನೇ ವಾಪಸು ಕಳಿಸಿದ್ದರು. ಪರೀಕ್ಷೆಯಲ್ಲಿ ಔಷಧಿ ಇಲ್ಲ ಎಂದೇ ಬಂದಿತ್ತು. ನಡುವಿನ ವ್ಯಾಪಾರಿಯ ಕಚೇರಿಯಲ್ಲಿ ಇನ್ನಾರದೋ ಫಲಿತಾಂಶ ಇವರ ಹೆಸರಿಗೆ ಸೇರಿತ್ತು. ಕೇಳಲು ಹೋದರೆ ಕಂಪ್ಯೂಟರಿನಲ್ಲಿ ಹೀಗೇ ಇದೆ ಎಂದು ಕಳಿಸಿದರಂತೆ. ಆ ಬೆಲ್ಲ ಗೋಡೌನಿನಲ್ಲೇ ನೀರೊಡೆದು ಹಾಳಾಯಿತು.

ಅಕ್ಕ ಇದನ್ನು ಕೇಳಿ ಕೂತಲ್ಲಿ ಕೂರಲಿಲ್ಲ. ಪ್ರತಿ ಬಾರಿಯ ಬೆಲ್ಲದ ಪರೀಕ್ಷೆಯ ಫಲಿತಾಂಶ ನಾಲ್ಕು ಕಡೆ ದಾಖಲಾಗಬೇಕು ಎಂದು ಯೋಜನೆ ಬರೆದರು. ಕಾಲೇಜಿನಲ್ಲಿ ಒಂದು ನೋಡ್, ಮಂಡ್ಯದ ಪರೀಕ್ಷಾಲಯದಲ್ಲಿ ಒಂದು, ಬೆಲ್ಲ ಕೊಳ್ಳುವ ಮದ್ದೂರಿನ ಮಳಿಗೆಯಲ್ಲಿ ಒಂದು, ಸಂಘದಲ್ಲಿ ಒಂದು. ಕಾಲೇಜಿಗೆ ಅನುದಾನ ಬಂತು, ಆಡಳಿತದವರು ಕುಣಿದರು.

ಸಂಘದ ನೋಡ್ ಎಬ್ಬಿಸಲು ನಾನೂ ಅಕ್ಕನ ಜೊತೆ ಹೋಗಿದ್ದೆ. ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ, ಹಳೆಯ ಕಂಪ್ಯೂಟರು. ಅಕ್ಕ ಕಾನ್ಫಿಗ್ ಫೈಲಿನಲ್ಲಿ ಉಳಿದ ಮೂರು ನೋಡ್‌ಗಳ ವಿಳಾಸ ಬರೆದರು, ಎಲ್ಲರಲ್ಲೂ ಒಂದೇ ಇರಬೇಕಾದ ಮೊದಲ ಬ್ಲಾಕನ್ನು, ಅಂದರೆ ಲೆಕ್ಕದ ಮೊದಲ ಪುಟವನ್ನು ಹಾಕಿದರು, ಲೆಕ್ಕ ಕೂರುವ ಜಾಗವನ್ನು ಕಂಟೇನರಿನ ಹೊರಗೆ ಮಾಡಿದರು. ಶುರು ಮಾಡಿದರೆ ಅದು ಯಾರ ಜೊತೆಯೂ ಮಾತಾಡಲೊಲ್ಲದು. ಅಕ್ಕ ಸಾಲು ಸಾಲಾಗಿ ಓದಿದರು, ಬೈದುಕೊಂಡರು, ಕಡೆಗೆ ತಲೆಯೆತ್ತಿ ಕಂಪ್ಯೂಟರಿನ ಗಡಿಯಾರ ನೋಡಿದರು. ಅದು ಯಾವುದೋ ಹಳೆಯ ವರ್ಷದಲ್ಲೇ ನಿಂತಿತ್ತು. ಕಾಲ ತಪ್ಪಿದವನ ಮಾತನ್ನು ಉಳಿದವರು ನಂಬುವುದಿಲ್ಲ. ಗಡಿಯಾರ ಸರಿ ಮಾಡಿದ ಕೂಡಲೇ ಒಂದು ನೋಡ್ ಸಿಕ್ಕಿತು, ಇನ್ನೊಂದು ಸಿಕ್ಕಿತು, ಬ್ಲಾಕುಗಳು ಒಂದರ ಹಿಂದೊಂದು ಬಂದು ಕೂರತೊಡಗಿದವು.

ಜಯಮ್ಮ ಅಷ್ಟು ಹೊತ್ತೂ ಎಲೆಯಡಿಕೆ ಅಗಿಯುತ್ತ ನೋಡುತ್ತಿದ್ದವರು, "ಇನ್ಮ್ಯಾಕೆ ನಮ್ ಲೆಕ್ಕ ನಮ್ ತಾವೂ ಇರ್ತದಾ?" ಎಂದು ಕೇಳಿದರು.

"ಇರ್ತದೆ. ಅಲ್ಲಿ ಯಾರ್ ತಿದ್ದುದ್ರೂ ನಿಮ್ ಮಿಸಿನ್ನು ಒಪ್ಪಾಕಿಲ್ಲ ಕಣಮ್ಮ" ಅಂದರು ಅಕ್ಕ.

ಜಯಮ್ಮ ಎದ್ದು ಹೋಗಿ ಆ ಕಂಪ್ಯೂಟರಿಗೆ ಒಂದು ಕುಂಕುಮದ ಬೊಟ್ಟು ಇಟ್ಟರು. ಅಕ್ಕನಿಗೆ ಪೂಜೆಯ ಬಗ್ಗೆ ಅಂಥ ಒಲವಿರಲಿಲ್ಲ. ಆದರೂ ಅದನ್ನು ಒರೆಸಲು ಹೋಗಲಿಲ್ಲ.

ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಉದ್ಘಾಟನೆಯ ಮಾತು ಬಂತು. ಬೆಂಗಳೂರಿನಿಂದ ಅಧಿಕಾರಿಗಳು ಬರುವವರಿದ್ದರು. ಜಿಲ್ಲೆಯ ನಕ್ಷೆಯ ಮೇಲೆ ನಾಲ್ಕು ಹಸಿರು ದೀಪ ಮಿನುಗುವಂತೆ ಮಾಡಲು ಒಂದು ಖಾಸಗಿ ಕಂಪನಿಯ ಮ್ಯಾನೇಜರನ್ನು ಕರೆಸಿದರು. ಚಿಕ್ಕರಸಿನಕೆರೆಯಲ್ಲಿ ಕರೆಂಟು ಹೋದಾಗ ಅಲ್ಲಿನ ದೀಪ ಕೆಂಪಾಗುತ್ತಿತ್ತು. ಗಣ್ಯರ ಮುಂದೆ ಕೆಂಪು ದೀಪ ಚೆನ್ನಾಗಿರುವುದಿಲ್ಲ ಎಂದು ಪ್ರಾಂಶುಪಾಲರಿಗೆ ಅನ್ನಿಸಿತು.

ಸಮಾರಂಭದ ಹಿಂದಿನ ದಿನ ಜಯಮ್ಮ ಅಕ್ಕನಿಗೆ ಫೋನ್ ಮಾಡಿದರು. ಸಂಘದ ಕಂಪ್ಯೂಟರು ಓಡುತ್ತಿದೆ, ಆದರೆ ಯಾರೂ ಸಿಗುತ್ತಿಲ್ಲ ಎಂದು ತೋರಿಸುತ್ತಿದೆ ಅಂದರು. ಅಕ್ಕ ಸರ್ವರ್ ಕೋಣೆಗೆ ಹೋಗಿ, ಓಡುತ್ತಿರುವ ಕಂಟೇನರುಗಳ ಪಟ್ಟಿ ತೆಗೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದೇ ಯಂತ್ರದಲ್ಲಿ ನಾಲ್ಕು ಕಂಟೇನರು. ಒಂದಕ್ಕೆ ಕಾಲೇಜು ಎಂದು ಹೆಸರು, ಒಂದಕ್ಕೆ ಮಂಡ್ಯ, ಒಂದಕ್ಕೆ ಮದ್ದೂರು, ಒಂದಕ್ಕೆ ಚಿಕ್ಕರಸಿನಕೆರೆ. ಹೊರಗಿನ ಮೂರು ನೋಡ್‌ಗಳ ದಾರಿ ಮುಚ್ಚಿ, ಅವುಗಳ ಹೆಸರಿನಲ್ಲಿ ಕಂಪನಿಯವರು ಇಲ್ಲೇ ಮೂರನ್ನು ಕೂರಿಸಿದ್ದರು.

ಅಕ್ಕ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿ, ಎದ್ದು ಹೊರಟರು.

ಪ್ರಾಂಶುಪಾಲರ ಕೋಣೆಯಲ್ಲಿ ಅವರು ಕೂರಲಿಲ್ಲ. ಪ್ರಾಂಶುಪಾಲರು ಸಮಾಧಾನದ ದನಿಯಲ್ಲೇ ಮಾತಾಡಿದರು. "ತಾಂತ್ರಿಕವಾಗಿ ನಾಲ್ಕು ನೋಡ್ ಇವೆ ತಾನೇ ಮೇಡಂ? ಒಂದೊಂದೂ ಅದರದರ ಕಂಟೇನರಿನಲ್ಲಿದೆ. ನೋಡುವವರಿಗೆ ಅಷ್ಟು ಸಾಕು."

"ಒಬ್ನೇ ನಾಲ್ಕು ಅಂಗಿ ಆಕ್ಕಂಡು ಬಂದು ನಾವು ನಾಲ್ಕು ಜನ ಸಾಕ್ಷಿ ಅಂದ್ರೆ ಯಾವ ನ್ಯಾಯ ಸಾರ್ ಅದು? ನಾಳೀಕೆ ಈ ಒಂದು ಮಿಸಿನ್ ತಾವ ಕುಂತೋನು ಏನ್ ಬೇಕಾದ್ರೂ ಬರ್ಕೋಬೋದು. ಆ ಎಣ್ಮಕ್ಳಿಗೆ ಮತ್ತೆ ಕಂಪ್ಯೂಟರ್‌ನಲ್ಲಿ ಇಂಗೇ ಅದೆ ಅಂತ ಯೋಳ್ತೀರಾ?"

ಸಮಾರಂಭ ಮುಗಿಯಲಿ, ಆಮೇಲೆ ನೋಡೋಣ ಅಂದರು ಪ್ರಾಂಶುಪಾಲರು. ನಾಳೆ ತೆರೆಯನ್ನು ವಿವರಿಸುವುದು ನಿಮ್ಮ ಕೆಲಸ, ಬೇರೆ ಏನೂ ಮಾತಾಡಬೇಡಿ ಎಂದೂ ಹೇಳಿದರು. ಅಕ್ಕ ಆಯ್ತು ಎಂದು ಹೊರಗೆ ಬಂದರು. ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೇ ಗಾಬರಿಯಾಯಿತು.

ಮರುದಿನ ಸಭಾಂಗಣದ ಮುಂದಿನ ಸಾಲುಗಳಲ್ಲಿ ಸಂಘದ ಹೆಂಗಸರು ಒಳ್ಳೆಯ ಸೀರೆ ಉಟ್ಟು ಕೂತಿದ್ದರು. ತೆರೆಯ ಮೇಲೆ ನಾಲ್ಕು ಹಸಿರು ದೀಪ. ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ಅಕ್ಕ ವೇದಿಕೆಗೆ ಬಂದು, ಯೋಜನೆ ಯಾಕೆ ಬೇಕಾಯಿತು ಎಂದು ಹೆಂಗಸರಿಗೆ ತಿಳಿಯುವ ಹಾಗೆ ಹೇಳಿದರು. ನಾಲ್ಕು ಊರಲ್ಲಿ ನಾಲ್ಕು ಯಂತ್ರ ಇರಬೇಕು, ಒಂದು ಊರಿನದು ನಿಂತರೂ ಉಳಿದ ಮೂರು ಓಡುತ್ತಿರಬೇಕು, ಇದೇ ಇದರ ಜೀವ ಅಂದರು. ಹಾಗಿದೆಯೋ ಇಲ್ಲವೋ ಈಗಲೇ ನೋಡೋಣ ಎಂದು ಜಯಮ್ಮನನ್ನು ಎಬ್ಬಿಸಿದರು. ನನ್ನ ಕಡೆ ನೋಡಿ, ಇವರನ್ನು ಕರೆದುಕೊಂಡು ಹೋಗಿ ಸರ್ವರ್ ಕೋಣೆಯ ಯಂತ್ರವನ್ನು ಆರಿಸು ಅಂದರು.

ಕೋಣೆ ಎದುರಿಗೇ ಇತ್ತು. ನಾನು ಬಾಗಿಲು ತೆಗೆದೆ. ಹಿಂದೆ ಯಾರೋ ಬೇಡ ಬೇಡ ಎಂದು ಓಡಿ ಬರುತ್ತಿದ್ದರು. ಯು.ಪಿ.ಎಸ್.ನ ಗುಂಡಿಯ ಮೇಲೆ ಬೆರಳಿಟ್ಟು ಜಯಮ್ಮ ನನ್ನನ್ನು ನೋಡಿದರು. "ಅದುಮ್ಲವ್ವಾ?"

ಅದುಮಿ ಅಂದೆ.

ನಾವು ಸಭಾಂಗಣಕ್ಕೆ ಮರಳುವಾಗ ನಾಲ್ಕು ದೀಪವೂ ಕೆಂಪಾಗಿದ್ದವು. ಅಕ್ಕ ಮೈಕು ಹಿಡಿದು ನಿಂತೇ ಇದ್ದರು. ಸಂಘದ ಹೆಂಗಸರಿಗೆ ಅರ್ಥವಾಗಲು ಬೇರೆ ಮಾತು ಬೇಕಾಗಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಎದ್ದು, ಊಟಕ್ಕೂ ನಿಲ್ಲದೆ ಬಸ್ಸಿಗೆ ಹೋದರು.

ಆಮೇಲೆ ಕಾಲೇಜು ಮಾಡಿದ್ದನ್ನು ಬರೆಯುವಾಗ ಇವತ್ತಿಗೂ ನಾನು ಹಲ್ಲು ಕಡಿಯುತ್ತೇನೆ. ಅಕ್ಕನನ್ನು ಅಮಾನತು ಮಾಡಿದರು. ಆಸ್ತಿ ಹಾನಿ ಎಂದರು. ಅದು ಸಾಲದು ಎಂದು, ಮೇಡಂಗೆ ವಯಸ್ಸಿನ ತೊಂದರೆ, ಮನಸ್ಸು ಸ್ಥಿಮಿತದಲ್ಲಿಲ್ಲ, ಎಂದು ಹಬ್ಬಿಸಿದರು. ಹೆಂಗಸು ನಿಜ ಹೇಳಿದರೆ ಅದಕ್ಕೆ ಗರ್ಭಕೋಶವೇ ಕಾರಣ ಎಂದು ಹುಡುಕುವ ಈ ಓದಿದ ಗಂಡಸರ ಜಾಣತನಕ್ಕೆ ಏನೆನ್ನಬೇಕು? ಹಾಗೆಂದು ಬರೆದ ಹೇಳಿಕೆಗೆ ವಿಭಾಗದವರೆಲ್ಲ ರುಜು ಹಾಕಬೇಕಾಯಿತು. ನಾನು ಹಾಕಲಿಲ್ಲ. ನನ್ನನ್ನು ಲ್ಯಾಬಿನಿಂದ ತೆಗೆದು ಗ್ರಂಥಾಲಯದ ಮೇಲ್ವಿಚಾರಣೆಗೆ ಹಾಕಿದರು. ಅಲ್ಲಿ ಪುಸ್ತಕಗಳಾದರೂ ಸುಳ್ಳು ಹೇಳುತ್ತಿರಲಿಲ್ಲ.

ಕ್ಷಮೆ ಬರೆದುಕೊಟ್ಟರೆ ವಾಪಸು ತೆಗೆದುಕೊಳ್ಳುತ್ತೇವೆ ಎಂದು ಅಕ್ಕನಿಗೆ ಹೇಳಿ ಕಳಿಸಿದರು. ಅಕ್ಕ ರಾಜೀನಾಮೆ ಬರೆದುಕೊಟ್ಟರು. ಪರೀಕ್ಷಾಲಯದವರನ್ನೂ ಮದ್ದೂರಿನ ಮಳಿಗೆಯವರನ್ನೂ ಹೋಗಿ ಕೇಳಿದರು, ಕಾಲೇಜು ಬಿಟ್ಟು ನಾವೇ ನಡೆಸೋಣ ಎಂದರು. ಇಬ್ಬರೂ ಕಾಲೇಜಿನ ಹಂಗಿನಲ್ಲಿದ್ದವರು, ಯಂತ್ರ ತೆಗೆದುಬಿಟ್ಟಿದ್ದೇವೆ ಅಂದರು. ಉಳಿದದ್ದು ಚಿಕ್ಕರಸಿನಕೆರೆಯ ನೋಡ್ ಒಂದೇ. ಒಂಟಿ ನೋಡ್ ಹೊಸದೇನನ್ನೂ ಬರೆದುಕೊಳ್ಳಲಾರದು. ಹಳೆಯದನ್ನು ಹಿಡಿದುಕೊಂಡು ಉಳಿದವರಿಗಾಗಿ ಕಾಯುತ್ತಿರುತ್ತದೆ.

ಅಕ್ಕ ಮಳವಳ್ಳಿಯಲ್ಲಿ ತಂಗಿಯ ಮನೆ ಸೇರಿದರು. ಪಕ್ಕದ ಮಕ್ಕಳಿಗೆ ಗಣಿತ ಹೇಳುತ್ತ, ಅವರನ್ನೂ ಬೈಯುತ್ತ ಇದ್ದರು. ಹೊಟ್ಟೆನೋವು ಎಂದು ಮಂಡ್ಯದ ಆಸ್ಪತ್ರೆಗೆ ತೋರಿಸುವ ಹೊತ್ತಿಗೆ ಕಾಯಿಲೆ ಕೈಮೀರಿತ್ತು.

ನಾನು ದಿನಾ ಸಂಜೆ ಕಾಲೇಜು ಮುಗಿಸಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದೆ. ಅಂಥ ಒಂದು ಸಂಜೆ ಪ್ರಾಂಶುಪಾಲರು ಹಣ್ಣಿನ ಚೀಲ ಹಿಡಿದು ಬಂದರು. ಆರೋಗ್ಯ ವಿಚಾರಿಸಿದರು. ನಾಲ್ಕು ಒಳ್ಳೆಯ ಮಾತಾಡಿದರು. ಆಮೇಲೆ ಬಂದ ಕೆಲಸ ಹೇಳಿದರು. ಅನುದಾನ ಕೊಟ್ಟವರು ಮೊದಲ ತಿಂಗಳುಗಳ ದಾಖಲೆ ನೋಡಬೇಕು ಅಂದಿದ್ದಾರೆ. ಕಂಪನಿಯ ಹುಡುಗರು ಹೊಸದಾಗಿ ಶುರು ಮಾಡಲು ಹೋಗಿ ಕಂಟೇನರುಗಳ ಜೊತೆ ಹೊರಗಿಟ್ಟಿದ್ದ ಲೆಕ್ಕವನ್ನೂ ಅಳಿಸಿಬಿಟ್ಟಿದ್ದಾರೆ. ಮೇಡಂ ಹತ್ತಿರ ಎಲ್ಲಾದರೂ ಇನ್ನೊಂದು ಪ್ರತಿ ಇದೆಯೇ?

ಸಾಯುತ್ತಿರುವವಳ ಮಂಚದ ಪಕ್ಕ ನಿಂತು ಕೇಳಿದ್ದು ಇದು. ನನಗೆ ಆ ಹಣ್ಣಿನ ಚೀಲವನ್ನು ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸಿತು. ಅಕ್ಕ ಬೈಯುತ್ತಾರೆ, ಇವತ್ತಾದರೂ ಬಾಯಿ ತುಂಬ ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ. ತಲೆದಿಂಬು ಎತ್ತರ ಮಾಡಿಸಿಕೊಂಡು, ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದರು.

"ಒಂದು ನೋಡ್ ಸತ್ತೋದ್ರೆ ಪಕ್ಕದ ನೋಡ್ ತಾವ ಓಗಿ ಕೇಳ್ಬೇಕು ಸಾರ್. ಕೇಳುದ್ರೆ ಅದು ಎಲ್ಲಾನೂ ಕೊಡ್ತದೆ. ಇಡೀ ಲೆಕ್ಕ ಜಯಮ್ಮನ ತಾವ ಅದೆ. ಓಗಿ ಕೇಳಿ."

ಪ್ರಾಂಶುಪಾಲರು, "ನಾವು ಅವರ ಹತ್ತಿರ ಹೋಗಿ ಕೇಳೋದಾ?" ಅಂದರು. ಆ ನಾವು ಎಂಬ ಪದದ ಮೇಲೆ ಅವರಿಟ್ಟ ಭಾರ ಈಗಲೂ ನನ್ನ ಕಿವಿಯಲ್ಲಿದೆ.

ಅವರು ಹೋದ ಮೇಲೆ ನಾನು ಅಕ್ಕನ ಮೇಲೆ ರೇಗಿದೆ. ಇಲ್ಲ ಅನ್ನಬಾರದಿತ್ತೇ, ಕಾಲಿಗೆ ಬೀಳಲಿ ಅನ್ನಬಾರದಿತ್ತೇ ಎಂದೆ. ಆ ಹೆಣ್ಣುಮಕ್ಕಳು ಮಾಡಿದ ಬೆಲ್ಲ ಒಳ್ಳೆಯದು ಎಂದು ಅದರಲ್ಲಿ ಬರೆದಿದೆ, ಅದು ನಾಲ್ಕು ಜನಕ್ಕೆ ಕಾಣಲಿ, ನನ್ನ ಸಿಟ್ಟಿಗೆ ಅದು ಯಾಕೆ ಮುಚ್ಚಿಹೋಗಬೇಕು ಅಂದರು. ಆಮೇಲಿನ ಸಂಜೆಗಳಲ್ಲಿ ನಾನು ಹೋದ ಕೂಡಲೇ ಅವರು ಕೇಳುತ್ತಿದ್ದದ್ದು, ಚಿಕ್ಕರಸಿನಕೆರೆಗೆ ಹೋದರಂತಾ ಎಂದು. ಇಲ್ಲ ಅನ್ನುತ್ತಿದ್ದೆ. ಮಾತು ನಿಲ್ಲುವವರೆಗೂ ಕೇಳಿದರು.

ಅಕ್ಕನನ್ನು ಮಣ್ಣು ಮಾಡಿದ ಮೇಲೆ ಒಂದು ದಿನ ನಾನು ಚಿಕ್ಕರಸಿನಕೆರೆಗೆ ಹೋದೆ. ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರು ಓಡುತ್ತಲೇ ಇತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಜಯಮ್ಮನೇ ಬಂದು ಎಬ್ಬಿಸುತ್ತಾರೆ, ಅಕ್ಕ ಕಲಿಸಿಕೊಟ್ಟಿದ್ದರು. ಕಾಲೇಜಿನವರು ಬಂದಿದ್ದರೇ ಎಂದು ಕೇಳಿದೆ. ಬಂದಿರಲಿಲ್ಲ. ಅನುದಾನದವರಿಗೆ ತಾಂತ್ರಿಕ ದೋಷದಿಂದ ದಾಖಲೆ ನಾಶವಾಯಿತು ಎಂದು ಬರೆದುಕೊಟ್ಟು ಕೈತೊಳೆದುಕೊಂಡರೆಂದು ನನಗೆ ಆಮೇಲೆ ತಿಳಿಯಿತು.

ಬಂದರೆ ಕೊಡುತ್ತೀರಾ ಎಂದೆ.

ಜಯಮ್ಮ ಸೆರಗಿನಿಂದ ಯಂತ್ರದ ಮೇಲಿನ ಧೂಳು ಒರೆಸುತ್ತಿದ್ದರು. "ಕೊಡ್ದೆ ಏನವ್ವ, ನಾನೇನು ಬಚ್ಚಿಟ್ಕಂಡಿಲ್ಲ" ಅಂದರು. "ಆದ್ರೆ ಆ ಮೆಟ್ಲು ಅತ್ತಿ, ಒಳೀಕೆ ಬಂದು, ಚಾಪೆ ಮ್ಯಾಲೆ ಕುಂತು ಕೇಳ್ಬೇಕು."